ಬಿಲ್ಲಿನಲ್ಲಿ ಕಾಣದ ಚಿಕಿತ್ಸೆ



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಶಸ್ತ್ರಚಿಕಿತ್ಸೆ, ಡಯಾಲಿಸಿಸ್, ಔಷಧಗಳಿಗೆ ಸಂಬಂಧಿಸಿದವು. ಆಸ್ಪತ್ರೆಯ ಅಂದಾಜುಪಟ್ಟಿ ಇರುತ್ತದೆ, ಮೊತ್ತ ಇರುತ್ತದೆ, ನಿರ್ಧಾರ ಕಷ್ಟವಲ್ಲ. ಆದರೆ ಮನಸ್ಸಿಗೆ ಪೆಟ್ಟು ಬಿದ್ದ ಮಗುವೊಂದನ್ನು ವಸತಿ ಸಹಿತ ಚಿಕಿತ್ಸಾ ಶಾಲೆಗೆ ಸೇರಿಸಲು ನೆರವು ಕೇಳಿದರೆ, "ಊಟ, ವಸತಿ, ಸಿಬ್ಬಂದಿ ಸಂಬಳ, ಇದರಲ್ಲಿ ವೈದ್ಯಕೀಯ ಏನಿದೆ?" ಎಂಬ ಪ್ರಶ್ನೆ ಏಳುತ್ತದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಓದಿದ ನನಗೆ ಈ ಪ್ರಶ್ನೆ ನ್ಯಾಯವಾದದ್ದೇ ಎನಿಸುತ್ತದೆ. ಇದಕ್ಕೆ ಒಳ್ಳೆಯ ಉತ್ತರ ಇಂಗ್ಲೆಂಡಿನ ಅನುಭವದಲ್ಲಿದೆ.

1939ರ ಸೆಪ್ಟೆಂಬರಿನಲ್ಲಿ ಬಾಂಬ್ ದಾಳಿಯ ಭಯದಿಂದ ಅಲ್ಲಿನ ನಗರಗಳ ಲಕ್ಷಾಂತರ ಮಕ್ಕಳನ್ನು ಹಳ್ಳಿಗಳಿಗೆ ಕಳುಹಿಸಲಾಯಿತು. ಬಹಳ ಮಂದಿ ಹೇಗೋ ಹೊಂದಿಕೊಂಡರು. ಕೆಲವು ಮಕ್ಕಳನ್ನು ಮಾತ್ರ ಯಾವ ಮನೆಯವರಿಗೂ ಇಟ್ಟುಕೊಳ್ಳಲಾಗಲಿಲ್ಲ. ಅಂಥವರಿಗಾಗಿ ತೆರೆದ ಹಾಸ್ಟೆಲುಗಳಿಗೆ ಸಲಹೆಗಾರರಾಗಿ ಹೋಗುತ್ತಿದ್ದವರು ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನಿಕಾಟ್. ಅಲ್ಲಿ ನಿಜವಾದ ಚಿಕಿತ್ಸೆ ಮಾಡುತ್ತಿದ್ದುದು ಗೋಡೆ, ಸೂರು, ಅಡುಗೆಯವರು, ಹೊತ್ತಿಗೆ ಸರಿಯಾಗಿ ಬರುವ ಊಟ ಎಂಬರ್ಥದ ಮಾತನ್ನು ಅವರು 1970ರ ಉಪನ್ಯಾಸವೊಂದರಲ್ಲಿ ಹೇಳಿದರು. ದೊಡ್ಡ ವೈದ್ಯರೊಬ್ಬರು ಅಡುಗೆಯವರಿಗೆ ಕೊಟ್ಟ ಈ ಸ್ಥಾನ ಗಮನಿಸತಕ್ಕದ್ದು.

1948ರಲ್ಲಿ ಬಾರ್ಬರಾ ಡಾಕರ್-ಡ್ರೈಸ್‌ಡೇಲ್ ಎಂಬ ಮಹಿಳೆ ಆಕ್ಸ್‌ಫರ್ಡ್‌ಶೈರ್‌ನ ಸ್ಟ್ಯಾಂಡ್‌ಲೇಕ್ ಎಂಬ ಹಳ್ಳಿಯಲ್ಲಿ ಮಲ್ಬರಿ ಬುಷ್ ಶಾಲೆಯನ್ನು ಆರಂಭಿಸಿದರು. ಎಳವೆಯಲ್ಲೇ ಆಸರೆ ತಪ್ಪಿ, ಯಾರನ್ನೂ ನಂಬಲಾರದಂತಾದ ಮಕ್ಕಳನ್ನು ಅವರು 'ಹೆಪ್ಪುಗಟ್ಟಿದ' ಮಕ್ಕಳು ಎಂದು ಕರೆದರು. ಇಂಥ ಮಗುವಿಗೆ ಬುದ್ಧಿವಾದ ತಾಗುವುದಿಲ್ಲ, ಶಿಕ್ಷೆಯೂ ತಾಗುವುದಿಲ್ಲ. ತನ್ನವರೆಂದು ನೆಚ್ಚಿದ ಒಬ್ಬ ಹಿರಿಯರಿಂದ, ತನಗೆಂದೇ ಮೀಸಲಾದ ಚಿಕ್ಕದೊಂದು ಉಪಚಾರ ತಪ್ಪದೆ ಸಿಗಬೇಕು. ಅದು ಮಲಗುವ ಮುಂಚಿನ ಒಂದು ತಿನಿಸೂ ಆಗಬಹುದು. ಕೊಟ್ಟ ಮಾತು ಉಳಿಯುತ್ತದೆ ಎಂಬುದು ಮಗುವಿಗೆ ಮನವರಿಕೆಯಾದ ಮೇಲೆ ಹೆಪ್ಪು ಕರಗತೊಡಗುತ್ತದೆ, ಪಾಠವೂ ತಲೆಗೆ ಹತ್ತುತ್ತದೆ. ಆ ಶಾಲೆಯಲ್ಲಿ ಇಂದಿಗೂ ಮಕ್ಕಳು ಚಿಕ್ಕ ಚಿಕ್ಕ ಗುಂಪುಗಳಾಗಿ ಮನೆಗಳಲ್ಲಿ ವಾಸಿಸುತ್ತಾರೆ.

ಈಗ ಸ್ವಲ್ಪ ಲೆಕ್ಕ ಹಾಕೋಣ. ವಾರಕ್ಕೆ 168 ಗಂಟೆ. ತರಗತಿಗೆ 30 ಗಂಟೆ, ಮನೋವೈದ್ಯರ ಭೇಟಿಗೆ 1 ಗಂಟೆ ಎಂದಿಟ್ಟುಕೊಳ್ಳಿ. ಉಳಿದ 137 ಗಂಟೆ ಏಳುವುದು, ಉಣ್ಣುವುದು, ಆಡುವುದು, ಜಗಳ, ನಿದ್ದೆ. ಆ 137 ಗಂಟೆ ಮಗುವನ್ನು ಗದರುತ್ತಲೇ ಕಳೆದರೆ, ವೈದ್ಯರ ಆ ಒಂದು ಗಂಟೆ ನೀರಿನಲ್ಲಿ ಹೋಮ ಮಾಡಿದಂತೆ. ವಾರಕ್ಕೆ 48 ಗಂಟೆಯ ಕೆಲಸವೆಂದರೆ, ಒಂದು ಮನೆಯಲ್ಲಿ ಹೊತ್ತಿಗೆ ಒಬ್ಬರೇ ಇದ್ದರೂ ಮೂವರು ಬೇಕು. ರಜೆ, ಕಾಯಿಲೆ ಸೇರಿಸಿದರೆ ನಾಲ್ವರು. ಸಂಬಳ ಸಾಲದೆ ಅವರು ಆರಾರು ತಿಂಗಳಿಗೆ ಬಿಟ್ಟು ಹೋದರೆ, ಮಗುವಿನ ಪಾಲಿಗೆ ಮತ್ತೊಬ್ಬರು ಕೈಬಿಟ್ಟಂತೆ. ಆದ್ದರಿಂದ ಇಲ್ಲಿ ಸಂಬಳವನ್ನು ಆಡಳಿತ ವೆಚ್ಚವೆಂದು ತಳ್ಳಿಹಾಕಬಾರದು. ಔಷಧದ ಬಾಬ್ತು ಅದೇ.

ಹಾಗೆಂದು ವಸತಿ ಶಾಲೆ ಎಲ್ಲ ಮಕ್ಕಳಿಗೂ ಮದ್ದಲ್ಲ. ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಯಲ್ಲಿರಿಸುವುದು ಕೊನೆಯ ದಾರಿಯಾಗಬೇಕೆಂದು ಹೇಳುತ್ತದೆ; ಪೋಷಣೆ, ರಕ್ಷಣೆ ಬೇಕಾದ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆಗಳಿಗೆ ನೋಂದಣಿ ಕಡ್ಡಾಯ. ನೋಂದಣಿ ಪತ್ರ, ಲೆಕ್ಕಪರಿಶೋಧನಾ ವರದಿ ನೋಡಿದ ಮೇಲೆ ಈ ಐದು ಪ್ರಶ್ನೆಗಳನ್ನೂ ಕೇಳಬೇಕು:

1. ಒಂದು ಮನೆಯಲ್ಲಿ ಎಷ್ಟು ಮಕ್ಕಳು? ರಾತ್ರಿ ಎದ್ದು ಅತ್ತರೆ ಬರುವವರು ಯಾರು?
2. ಮನೆಯ ಸಿಬ್ಬಂದಿ ಸರಾಸರಿ ಎಷ್ಟು ವರ್ಷದಿಂದ ಇದ್ದಾರೆ?
3. ಮಗುವಿಗೆ ಸ್ವಂತ ಹಾಸಿಗೆ, ಸ್ವಂತ ಕಪಾಟು ಇದೆಯೇ?
4. ಮಗು ಸಿಟ್ಟಿನಲ್ಲಿ ತಟ್ಟೆ ಒಡೆದರೆ ಏನು ಮಾಡುತ್ತಾರೆ?
5. ತಂದೆತಾಯಿ, ಅಜ್ಜಿ-ತಾತಂದಿರ ಸಂಪರ್ಕ ಹೇಗಿದೆ? ಮಗು ಮನೆಗೆ ಮರಳುವ ಯೋಜನೆ ಏನು?

ದಾನಿಗಳಲ್ಲಿ ನನ್ನದೊಂದು ವಿನಂತಿ. ಕಟ್ಟಡಕ್ಕೆ, ಫ್ಯಾನಿಗೆ ಕೊಟ್ಟರೆ ಹೆಸರು ಬರೆಸಬಹುದು. ನಿತ್ಯದ ಊಟಕ್ಕೆ, ಆರೈಕೆ ಮಾಡುವವರ ಸಂಬಳಕ್ಕೆ ಕೊಟ್ಟದ್ದಕ್ಕೆ ಫಲಕವಿಲ್ಲ. ಆದರೂ ಇಂಥ ಮಕ್ಕಳಿಗೆ ಒಮ್ಮೆ ಬರುವ ದೊಡ್ಡ ಚೆಕ್ಕಿಗಿಂತ ತಿಂಗಳು ತಿಂಗಳು ತಪ್ಪದೆ ಬರುವ ಚಿಕ್ಕ ಮೊತ್ತವೇ ಹೆಚ್ಚು ಉಪಕಾರ. ಆರ್‌.ಡಿ. ಕಟ್ಟುವ ಶಿಸ್ತು ನಮ್ಮ ಮನೆಗಳಿಗೆ ಹೊಸದಲ್ಲ. ನಿಮ್ಮ ಬ್ಯಾಂಕಿಗೆ ಒಂದು ಸ್ಥಾಯಿ ಸೂಚನೆ ಕೊಟ್ಟು, ಕೈಲಾದಷ್ಟು ಮೊತ್ತವನ್ನು ಪ್ರತಿ ತಿಂಗಳೂ ನಮ್ಮ ನಿಧಿಗೆ ಬರುವಂತೆ ಮಾಡಿ. ಮಗು ಮೊದಲು ಕಲಿಯಬೇಕಾದ ಪಾಠ 'ಇವರು ನಾಳೆಯೂ ಇರುತ್ತಾರೆ' ಎಂಬುದು. ಅದನ್ನು ಕಲಿಸಲು ಹಣವೂ ಪ್ರತಿ ತಿಂಗಳು ಇರಬೇಕು.