ಕೊಬ್ಬರಿಗೆ ಕಮಟು ವಾಸನೆ ಏಕೆ?

ಗುಬ್ಬಿ, ಕುಣಿಗಲ್ ಕಡೆಯ ತೋಟದ ಮನೆಗಳಲ್ಲಿ ಬಲಿತ ತೆಂಗಿನಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುವುದುಂಟು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ನೀರಿನ ಅಂಶ ನೂರಕ್ಕೆ 6ರಷ್ಟು ಮಾತ್ರ. ತೇವ ಹೆಚ್ಚಿತೆಂದರೆ ಬೂಷ್ಟು ಹಿಡಿಯುತ್ತದೆ, ಕಮಟು ವಾಸನೆ ಹೊರಡುತ್ತದೆ.

ಎಣ್ಣೆ ಹಳತಾದರೆ ಗಾಳಿಯ ಆಮ್ಲಜನಕದಿಂದ ಕೆಡುವುದೆಂದು ವಿದ್ಯಾರ್ಥಿಗಳು ಓದಿರಬಹುದು. ಆದರೆ ತೆಂಗಿನ ಕೊಬ್ಬಿನ ಬಹುಭಾಗ ಪರ್ಯಾಪ್ತವಾದುದು. ಆಮ್ಲಜನಕಕ್ಕೆ ಸುಲಭವಾಗಿ ಮಣಿಯುವಂಥದಲ್ಲ. ಹಾಗಾದರೆ ಈ ವಾಸನೆ ಎಲ್ಲಿಯದು?

ಅದು ಬೂಷ್ಟಿನದೇ ಕೆಲಸ. ಪೆನಿಸಿಲಿಯಂ, ಆಸ್ಪರ್ಜಿಲಸ್ ಕುಲದ ಶಿಲೀಂಧ್ರಗಳು ಲೈಪೇಸ್ ಎಂಬ ಕಿಣ್ವವನ್ನು ಸ್ರವಿಸಿ ಕೊಬ್ಬನ್ನು ಗ್ಲಿಸರಾಲ್ ಮತ್ತು ಮೇದಾಮ್ಲಗಳಾಗಿ ಒಡೆಯುತ್ತವೆ. ತೆಂಗಿನೆಣ್ಣೆಯ ಮೇದಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಆಮ್ಲಗಳೂ ಇವೆ. ಇವು ಬೂಷ್ಟಿಗೆ ಆಹಾರವೂ ಹೌದು, ಮಿತಿಮೀರಿ ಶೇಖರವಾದರೆ ವಿಷವೂ ಹೌದು. ಆದುದರಿಂದ ಅದು ಆಮ್ಲವನ್ನು ಅರ್ಧಂಬರ್ಧ ಉತ್ಕರ್ಷಿಸಿ, ಒಂದು ಇಂಗಾಲವನ್ನು ಇಂಗಾಲದ ಡೈಆಕ್ಸೈಡಾಗಿ ಕಳಚಿ, ಉಳಿದುದನ್ನು ಮೀಥೈಲ್ ಕೀಟೋನ್ ರೂಪದಲ್ಲಿ ಹೊರದೂಡುತ್ತದೆ. 8 ಇಂಗಾಲಗಳ ಆಮ್ಲದಿಂದ 7 ಇಂಗಾಲಗಳ ಕೀಟೋನ್, 12ರದರಿಂದ 11ರದು. ಇವು ಆವಿಯಾಗಿ ಮೂಗನ್ನು ಸೇರುತ್ತವೆ. ಬೂಷ್ಟಿನಿಂದ ತೆಂಗಿನೆಣ್ಣೆ ಕಮಟಾಗುವ ಬಗೆಯನ್ನು ಸ್ಟೋಕೋ ಎಂಬ ವಿಜ್ಞಾನಿ 1928ರಲ್ಲಿಯೇ ವಿವರಿಸಿದ್ದನು. ನೀಲಿ ಗೆರೆಗಳ ಯೂರೋಪಿಯನ್ ಚೀಸ್‌ಗೆ ಪರಿಮಳ ಕೊಡುವುದೂ ಇವೇ ಕೀಟೋನ್‌ಗಳು! ಅಲ್ಲಿ ಹಣ ಕೊಟ್ಟು ಕೊಳ್ಳುವ ವಾಸನೆಗೆ ಇಲ್ಲಿ ಮೂಗು ಮುಚ್ಚಿಕೊಳ್ಳುತ್ತೇವೆ.

ವಿಷದಿಂದ ಪಾರಾಗುವ ಇಂಥ ಉಪಾಯವನ್ನು ದ್ರಾಕ್ಷಾಮದ್ಯದ ಸೀಸೆಯ ಬಿರಡೆಯಲ್ಲಿಯೂ ಕಾಣಬಹುದು. ಬಿರಡೆಯ ಕಾರ್ಕು ಒಂದು ಬಗೆಯ ಓಕ್ ಮರದ ತೊಗಟೆ. ಕ್ಲೋರಿನ್‌ನಿಂದ ಬಿಳಿಚಿಸಿದಾಗಲೋ ಕೀಟನಾಶಕಗಳ ಮೂಲಕವೋ ಅದರಲ್ಲಿ ಟ್ರೈಕ್ಲೋರೋಫೀನಾಲ್ ಸೇರುತ್ತದೆ. ತೊಗಟೆಯ ಮೇಲಿನ ಬೂಷ್ಟು ಈ ವಿಷಕ್ಕೆ ಒಂದು ಮೀಥೈಲ್ ಗುಂಪನ್ನು ಜೋಡಿಸಿ ಟ್ರೈಕ್ಲೋರೋಅನಿಸೋಲ್ ಆಗಿಸುತ್ತದೆ. ಬೂಷ್ಟಿಗೆ ಉಪದ್ರವ ತಪ್ಪಿತು. ಆದರೆ ಮದ್ಯಕ್ಕೆ ಒದ್ದೆ ಗೋಣಿಯ ಮುಗ್ಗಲು ಹತ್ತಿತು. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಸಾಕು. ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಇದನ್ನು 1982ರಲ್ಲಿ ಗುರುತಿಸಿದವರು ಸ್ವಿಟ್ಜರ್ಲೆಂಡಿನ ಬೂಸರ್, ಝಾನಿಯರ್ ಮತ್ತು ಟ್ಯಾನರ್.

ಬೂಷ್ಟು ಹಿಡಿದ ಕೊಬ್ಬರಿಯನ್ನು ಒರೆಸಿ, ಬಿಸಿಲಿಗಿಟ್ಟು, ಚಟ್ನಿಪುಡಿಗೆ ಬಳಸುವವರಿದ್ದಾರೆ. ಕೀಟೋನ್ ಆವಿಯಾಗಿ ವಾಸನೆ ತಗ್ಗಬಹುದು. ಆದರೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಜಾತಿ ಬೆಳೆದಿದ್ದರೆ ಅಫ್ಲಟಾಕ್ಸಿನ್ ಎಂಬ ವಿಷವೂ ಇರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿಕೋಳಿಗಳು ಕಡಲೆಕಾಯಿ ಹಿಂಡಿಯಿಂದ ಸತ್ತಾಗ ಬೆಳಕಿಗೆ ಬಂದುದು ಇದೇ ವಿಷ. ಇದು ಯಕೃತ್ತನ್ನು ಕೆಡಿಸುತ್ತದೆ, ಅಡುಗೆಯ ಶಾಖಕ್ಕೆ ಪೂರ್ತಿ ನಾಶವಾಗುವುದಿಲ್ಲ. ಇದಕ್ಕೆ ಕಮಟೂ ಇಲ್ಲ, ಮುಗ್ಗಲೂ ಇಲ್ಲ.