ಡಾಲರ್ ಇಳಿಯಲಿ ಅಂತ ಕಾಯಬೇಕೇ?

ಪ್ರಶ್ನೆ: ಸೂರತ್‌ನ ಪಾಂಡೇಸರಾದಲ್ಲಿ ಡೈಯಿಂಗ್ ಮಿಲ್ ಸೂಪರ್‌ವೈಸರ್ ನಾನು, ಊರು ವಿಜಯಪುರ. ಬೋನಸ್ಸಿನ 1 ಲಕ್ಷ ರೂಪಾಯಿ ಕೈಯಲ್ಲಿದೆ. ನಾಲ್ಕು ವರ್ಷದಲ್ಲಿ ಮಗಳ ಮದುವೆ. ಬೆಳ್ಳಿ ಗಟ್ಟಿ ಈಗಲೇ ಕೊಳ್ಳಲೇ, ಡಾಲರ್ ಇಳಿದ ಮೇಲೆ ಕೊಳ್ಳಲೇ?

ಉತ್ತರ: ಕಾಯಬೇಡಿ, ಒಟ್ಟಿಗೇ ಸುರಿಯಲೂ ಬೇಡಿ. ಬೆಳ್ಳಿ ದರ ನಿಗದಿಯಾಗುವುದು ಔನ್ಸ್‌ಗೆ (31.1 ಗ್ರಾಂ) ಇಷ್ಟು ಡಾಲರ್ ಅಂತ. ಔನ್ಸ್‌ಗೆ 30 ಡಾಲರ್ ಎಂದಿಟ್ಟುಕೊಳ್ಳಿ. ಡಾಲರ್ 85 ರೂಪಾಯಿ ಇದ್ದರೆ ಗ್ರಾಂಗೆ 82, 90 ಆದರೆ 87 ರೂಪಾಯಿ. ಇದರ ಮೇಲೆ ಆಮದು ಸುಂಕ, ಶೇ 3 ಜಿಎಸ್‌ಟಿ. ಆದರೆ ರೂಪಾಯಿಗಿಂತ ಬೆಳ್ಳಿಯೇ ಹೆಚ್ಚು ಏರಿಳಿಯುತ್ತದೆ. ಸುಂಕವೂ ದರವನ್ನು ಅಲುಗಿಸುತ್ತದೆ: 2024ರ ಜುಲೈನಲ್ಲಿ ಅದು ಶೇ 15ರಿಂದ 6ಕ್ಕೆ ಇಳಿದಾಗ ದರವೂ ಕುಸಿಯಿತು.

ಹೀಗೆ ಮಾಡಿ:

1. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಲಿ. ಉಳಿದದ್ದನ್ನು ಹತ್ತು ಕಂತು ಮಾಡಿ, ತಿಂಗಳಿಗೊಂದರಂತೆ ಕೊಳ್ಳಿ.

2. ಮದುವೆಗೆ ದೀಪ, ಗೆಜ್ಜೆ ಮಾಡಿಸುವುದಿದ್ದರೆ 999 ಶುದ್ಧತೆಯ ಗಟ್ಟಿ ಸಾಕು. ತೂಕ, ಶುದ್ಧತೆ ನಮೂದಾದ ಜಿಎಸ್‌ಟಿ ಬಿಲ್ ಪಡೆಯಿರಿ. ವಾಪಸ್ ಕೊಳ್ಳುವಾಗ ಎಷ್ಟು ಮುರಿಯುತ್ತಾರೆಂದು ಮೊದಲೇ ಕೇಳಿ.

3. ಹಣವಷ್ಟೇ ಬೇಕಿದ್ದರೆ ಸಿಲ್ವರ್ ಇಟಿಎಫ್ (ಷೇರುಪೇಟೆಯಲ್ಲಿ ಕೊಳ್ಳುವ ಬೆಳ್ಳಿ ನಿಧಿ) ಮೇಲು. ಕಳವಿನ ಭಯವಿಲ್ಲ, ಜಿಎಸ್‌ಟಿ ಕಟ್ಟಿ ಗಟ್ಟಿ ಕೊಳ್ಳಬೇಕಿಲ್ಲ. ಡಿಮ್ಯಾಟ್ ಖಾತೆ ಬೇಕು.

4. ಸಾಲ ಮಾಡಿ ಕೊಳ್ಳುವುದು, ಫ್ಯೂಚರ್ಸ್ ಆಡುವುದು ಎರಡೂ ಬೇಡ.

ಗಟ್ಟಿಯನ್ನು 24 ತಿಂಗಳು, ಇಟಿಎಫ್ ಅನ್ನು 12 ತಿಂಗಳು ದಾಟಿ ಮಾರಿದರೆ ಲಾಭಕ್ಕೆ ಶೇ 12.5 ತೆರಿಗೆ. ಮಾರುವ ಮುನ್ನ ಬಿಲ್ಲುಗಳೊಂದಿಗೆ ಲೆಕ್ಕಪರಿಶೋಧಕರನ್ನು ಕಾಣಿ. ಉಳಿತಾಯದ ದೊಡ್ಡ ಪಾಲು ಬೆಳ್ಳಿಗೇ ಹೋಗುವಂತಿದ್ದರೆ ಸೆಬಿ ನೋಂದಾಯಿತ ಸಲಹೆಗಾರರನ್ನು ಮೊದಲು ಕೇಳಿ.