ಚಾಕುವಿನೊಳಗಿನ ಕತ್ತರಿ

ಕೊಪ್ಪದಲ್ಲಿ ನನ್ನ ವಿದ್ಯಾರ್ಥಿಯೊಬ್ಬನು ಕಳೆದ ಮಳೆಗಾಲದಲ್ಲಿ ಮಡಚುವ ಚಾಕುವೊಂದನ್ನು ತಂದು ಮೇಜಿನ ಮೇಲಿಟ್ಟನು. ಅಲಗು, ತಿರುಪುಳಿ, ಗರಗಸ, ಕತ್ತರಿ ಇವೆಲ್ಲವೂ ಒಂದೇ ಹಿಡಿಯೊಳಗೆ ಅಡಗಿರುವ ಉಪಕರಣವದು. ಮೆಣಸಿನ ಬಳ್ಳಿಯನ್ನು ಅಡಕೆಮರಕ್ಕೆ ಕಟ್ಟುವ ಹುರಿಯನ್ನು ಕತ್ತರಿಸಲು ಅದರ ಗಿಡ್ಡ ಕತ್ತರಿ ಸಾಲದೆಂದು ಬಗೆದು, ಅವನು ರಿವೆಟ್ಟನ್ನು ತೆಗೆದು ಉದ್ದ ಅಲಗಿನ ಬೇರೊಂದು ಕತ್ತರಿಯನ್ನು ಕೂಡಿಸಿದ್ದನು. ಹೊಸದು ಹಳೆಯದಕ್ಕಿಂತ ಹರಿತವೇ. ಆದರೂ ಹುರಿ ತುಂಡಾಗದು. ಉಕ್ಕು ಕೆಟ್ಟದ್ದಿರಬಹುದೇ ಎಂದು ಕೇಳಿದನು.

ಉಕ್ಕಿನದೇನೂ ತಪ್ಪಿರಲಿಲ್ಲ. ಕತ್ತರಿಯೆಂದರೆ ಒಂದು ಆನಿಕೆಯ ಮೇಲೆ ತಿರುಗುವ ಜೋಡಿ ಸನ್ನೆಕೋಲು. ಕೈ ಒತ್ತುವ ಸ್ಥಳಕ್ಕೂ ಆನಿಕೆಗೂ ಇರುವ ದೂರವನ್ನು, ವಸ್ತುವಿಗೂ ಆನಿಕೆಗೂ ಇರುವ ದೂರದಿಂದ ಭಾಗಿಸಿದರೆ ಬಲವು ಎಷ್ಟುಪಟ್ಟು ಹೆಚ್ಚುವುದೆಂದು ತಿಳಿಯುವುದು. ಮೇಜಿನ ಕತ್ತರಿಗೆ ಬೇಕಾದಷ್ಟು ಉದ್ದದ ಹಿಡಿಯನ್ನು ಕೊಡಬಹುದು. ಚಾಕುವಿನ ಕತ್ತರಿಯಾದರೋ ಮಡಚಿದಾಗ ಹಿಡಿಯ ಸಂದಿನಲ್ಲಿಯೇ ಮಲಗಬೇಕು. 1897ರಲ್ಲಿ ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಅವರು ತಮ್ಮ ಪ್ರಸಿದ್ಧ ಚಾಕುವನ್ನು ನೋಂದಾಯಿಸಿದಾಗ, ಹಿಡಿಯ ಎರಡೂ ಬದಿಯ ಉಪಕರಣಗಳಿಗೆ ಒಂದೇ ಕಮಾನುಪಟ್ಟಿಯನ್ನು ದುಡಿಸಿಕೊಂಡಿದ್ದರು. ಅಂಥ ಕಡೆ ಕೂದಲೆಳೆಯಷ್ಟು ಜಾಗಕ್ಕೂ ಬೆಲೆಯುಂಟು.

ಲೆಕ್ಕ ಹೀಗಿದೆ. ಸಂದಿನ ಉದ್ದ 6 ಸೆಂಟಿಮೀಟರ್ ಇರಲಿ. ಹಳೆಯ ಕತ್ತರಿಯ ಅಲಗು 2, ಹಿಡಿ 4. ತುದಿಯಲ್ಲಿ ಬಲ 2 ಪಟ್ಟು. ಹೊಸದರ ಅಲಗು 3.5 ಆದರೆ ಹಿಡಿಗೆ ಉಳಿಯುವುದು 2.5 ಮಾತ್ರ, ತುದಿಯಲ್ಲಿ ಬಲ 0.7 ಪಟ್ಟು. ಲಾಭವಿರಲಿ, ಅಸಲಿನಲ್ಲಿಯೇ ನಷ್ಟ! ಅಲಗು ಗಳಿಸಿದ್ದನ್ನು ಹಿಡಿ ಕಳೆದುಕೊಂಡಿತು.

ಹಾಗಾದರೆ ಹುರಿಯನ್ನು ಆನಿಕೆಯ ಬಳಿಗೆ ಸರಿಸಬಾರದೇ? ಸರಿಸಬಹುದು, ಆದರೆ ಅಲ್ಲಿ ಇನ್ನೊಂದು ತೊಡಕುಂಟು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಓದುಗರು ಇದನ್ನು ಮನೆಯ ಕವಳದ ತಟ್ಟೆಯಲ್ಲಿಯೇ ಕಂಡಿರುವರು. ಅಡಕತ್ತರಿಯಲ್ಲಿ ಆನಿಕೆ ಒಂದು ತುದಿಗೆ, ಕೈ ಇನ್ನೊಂದು ತುದಿಗೆ, ಅಡಕೆ ನಡುವೆ. ಅಡಕೆಯನ್ನು ಆನಿಕೆಯ ಸಮೀಪಕ್ಕೆ ತಳ್ಳಿದಷ್ಟೂ ಬಲ ಹೆಚ್ಚು; ಆದರೆ ತೀರ ಒಳಕ್ಕೆ ತಳ್ಳಿದರೆ ಅಡಕೆ ಒಡೆಯದೆ ಅಂಗಳಕ್ಕೆ ಚಿಮ್ಮುವುದು. ದಪ್ಪ ವಸ್ತುವು ಆನಿಕೆಯ ಬಳಿ ಬಂದಷ್ಟೂ ಎರಡು ಅಂಚುಗಳ ನಡುವಣ ಕೋನ ಅಗಲವಾಗುವುದು. ಆ ಕೋನದ ಅರ್ಧವು ಘರ್ಷಣೆಯ ಕೋನವನ್ನು ಮೀರಿದೊಡನೆ ಅಂಚುಗಳು ವಸ್ತುವನ್ನು ಹಿಡಿಯುವುದಕ್ಕೆ ಬದಲಾಗಿ ಹೊರದೂಡುವುವು. ಘರ್ಷಣಾಂಕ 0.3 ಇದ್ದರೆ ಈ ಮಿತಿ ಸುಮಾರು 33 ಡಿಗ್ರಿ. ಕತ್ತರಿಯ ಒಂದು ಅಂಚಿಗೆ ಸಣ್ಣ ಹಲ್ಲುಗಳನ್ನು ಕೊರೆಯುವುದು ಈ ಜಾರಿಕೆಯನ್ನು ತಡೆಯುವುದಕ್ಕಾಗಿ.

ಇನ್ನು ರಿವೆಟ್ಟಿನ ಮಾತು. ಕತ್ತರಿಯ ಅಲಗುಗಳು ಪೂರ್ತಿ ಸಪಾಟಲ್ಲ. ಬೆಳಕಿಗೆ ಹಿಡಿದು ನೋಡಿದರೆ ನಡುವೆ ತೆಳುವಾದ ಸಂದು ಕಾಣುವುದು. ಮುಚ್ಚುವಾಗ ಅವು ಒಂದೇ ಬಿಂದುವಿನಲ್ಲಿ ಒಂದನ್ನೊಂದು ಒತ್ತುತ್ತ, ಆ ಬಿಂದು ಆನಿಕೆಯಿಂದ ತುದಿಗೆ ಸರಿಯುವುದು. ರಿವೆಟ್ಟು ಸಡಿಲವಾದರೆ ಈ ಒತ್ತು ತಪ್ಪಿ, ಹುರಿ ತುಂಡಾಗದೆ ಅಲಗುಗಳ ನಡುವೆ ಮಡಚಿಕೊಳ್ಳುವುದು. ನಮ್ಮ ಹುಡುಗನ ಕತ್ತರಿಯಲ್ಲಿ ಈ ದೋಷವೂ ಇತ್ತು. ರಂಧ್ರ ರಿವೆಟ್ಟಿಗಿಂತ ಅಗಲವಾಗಿತ್ತು.

ಮುಂದಿನ ವಾರ ಅವನು ಗಿಡ್ಡ ಅಲಗಿನ, ಹಲ್ಲಿರುವ ಮತ್ತೊಂದು ಕತ್ತರಿಯನ್ನು ಬಿಗಿಯಾಗಿ ಕೂಡಿಸಿ ತಂದನು. ಹುರಿ ಎರಡೇ ಒತ್ತಿಗೆ ತುಂಡಾಯಿತು.